ಪಾಕಶಾಸ್ತ್ರ ವಿಭಾಗಕ್ಕೊಬ್ಬ ನಪಾಸು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಿಗೆ ಸೇರಿ ಇರುವ ಏಕೈಕ ಪಾಕಶಾಸ್ತ್ರ ಪದವಿ ವಿಭಾಗದಲ್ಲಿ, ಅದು ಆರಂಭವಾದಂದಿನಿಂದ ಒಬ್ಬ ವಿದ್ಯಾರ್ಥಿಯೂ ನಪಾಸಾಗಿರಲಿಲ್ಲ. ಇದರಿಂದ ಯಾರಿಗಾದರೂ ತೊಂದರೆಯಾದೀತೆಂದು ಬಹಳ ವರ್ಷ ಯಾರಿಗೂ ಹೊಳೆದಿರಲಿಲ್ಲ.

ಕಾಲೇಜು ತಮ್ಮೂರಿಗೇ ಬೇಕೆಂದು ನಾಲ್ಕೂ ಊರಿನ ಮುಖಂಡರು ಹಟ ಹಿಡಿದಿದ್ದರು. ಸರಕಾರ ಯಾರ ಮನಸ್ಸನ್ನೂ ನೋಯಿಸದೆ, ನಾಲ್ಕೂ ಊರಿಗೆ ಸಮಾನವಾಗಿ ಅನಾನುಕೂಲವಾಗುವ ಒಂದು ಎರೆಹೊಲವನ್ನು ನಕಾಶೆಯ ಮೇಲೆ ಪತ್ತೆಹಚ್ಚಿ ಅಲ್ಲಿ ಕಟ್ಟಡ ಎಬ್ಬಿಸಿತು. ಅಲ್ಲಿ ಬಸ್ಸು ನಿಲ್ಲುವುದಿಲ್ಲ, ಆದರೆ ನಿಧಾನವಾಗುತ್ತದೆ. ಇಳಿಯುವುದನ್ನು ಕಲಿತವರು ಮಾತ್ರ ಅಲ್ಲಿ ವಿದ್ಯೆ ಕಲಿಯಬಹುದು.

ವಿಭಾಗದ ಮುಖ್ಯಸ್ಥನೂ ಏಕೈಕ ಉಪನ್ಯಾಸಕನೂ ಆಗಿದ್ದ ಜುಲ್ಫಿಕರ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕ. ಪ್ರತಿ ಬೇಸಿಗೆಗೆ ಅವನನ್ನು ಕೆಲಸದಿಂದ ಬಿಡುತ್ತಿದ್ದರು, ಮಳೆ ಬಿದ್ದ ಮೇಲೆ ಮತ್ತೆ ಹಿಡಿಯುತ್ತಿದ್ದರು. ಅವನ ಕಾಯಂ ನೇಮಕದ ಪ್ರಸ್ತಾವ ಬೆಂಗಳೂರಿನಲ್ಲಿ ಪರಿಶೀಲನೆಯಲ್ಲಿತ್ತು. ನಲವತ್ತೈದು ತುಂಬಿದವರ ಪ್ರಸ್ತಾವವನ್ನು ಪರಿಶೀಲನೆಯಿಂದಲೂ ತೆಗೆಯಬೇಕೆಂದು ನಿಯಮವಿದೆ. ಜುಲ್ಫಿಕರನಿಗೆ ಬರುವ ದೀಪಾವಳಿಗೆ ನಲವತ್ತೈದು ತುಂಬುತ್ತಿತ್ತು.

"ಅತಿಥಿ ಅಂತ ಹನ್ನೊಂದ ವರ್ಷ ಯಾರರ ಇರ್ತಾರೇನ್ರಿ?" ಎಂದು ಅವನ ಹೆಂಡತಿ ಹುಮಾ ಆಗಾಗ ಕೇಳುತ್ತಿದ್ದಳು. "ನಮ್ಮಪ್ಪ ಅಳಿಯಾ ಬಂದ್ರೂ ನಾಕನೇ ದಿನಕ್ಕ ಬಸ್ಸಿನ ಟೈಮ್ ಕೇಳ್ತಿದ್ದ."

"ಆ ಅಳಿಯಾ ನಾನ ಇದ್ದೆ."

"ಅದಕ ಹೇಳಾಕತ್ತೇನಿ. ನಿಮಗ ಅದರ ರೂಢಿ ಐತಿ."

ಇನ್ನು ವಿದ್ಯಾರ್ಥಿಗಳ ವಿಷಯ. ಮೊದಲ ವರ್ಷ ಒಬ್ಬ ಹುಡುಗನೂ ಬರಲಿಲ್ಲ. ಅಡಿಗೆ ಕಾಲೇಜಿಗೆ ಹೋಗುವ ಹುಡುಗನಿಗೆ ಹೆಣ್ಣು ಕೊಡಬಾರದೆಂದು ನಾಲ್ಕೂ ತಾಲೂಕುಗಳು ಒಮ್ಮತಕ್ಕೆ ಬಂದಿದ್ದವು. ಅವು ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಆಗ ಪ್ರಾಚಾರ್ಯರು ಆಟೋದ ಮೇಲೆ ಧ್ವನಿವರ್ಧಕ ಕಟ್ಟಿಸಿ ಊರೂರಿಗೆ ಸಾರಿಸಿದರು: "ಸಾರ್ವಜನಿಕರ ಗಮನಕ್ಕೆ. ಅಡುಗೆ ಬಲ್ಲವರು, ಅಡುಗೆ ಬಾರದವರು, ಅಡುಗೆ ಮಾಡಿ ಸಾಕಾದವರು, ಎಲ್ಲರಿಗೂ ಪದವಿ ಪ್ರವೇಶ ತೆರೆದಿದೆ. ವಯಸ್ಸಿನ ಮಿತಿ ಇರುವುದಿಲ್ಲ. ಗ್ಯಾಸಿನ ಒಲೆ ಹಾಗೂ ಫ್ಯಾನಿನ ವ್ಯವಸ್ಥೆ ಇರುತ್ತದೆ."

ಫ್ಯಾನು ಎಂಬ ಶಬ್ದ ಕೇಳಿ ಹೆಂಗಸರು ಬಂದರು. ಎಂದೋ ಪಿಯುಸಿ ಮುಗಿಸಿ, ಮದುವೆಯಾಗಿ, ಆ ಪಿಯುಸಿ ಏನಾಯಿತೆಂದು ಯಾರೂ ಕೇಳದೆ ಉಳಿದಿದ್ದ ಹೆಂಗಸರು. ಮೂರು ವರ್ಷದ ಕೆಳಗೆ ಮುದ್ದೇಬಿಹಾಳದ ಸಾವಂತ್ರವ್ವ ಸೊಸೆ ಕಾವೇರಿಯನ್ನು ಕರೆದುಕೊಂಡು ಬಂದು ಇಬ್ಬರ ಹೆಸರನ್ನೂ ಹಚ್ಚಿದಳು. ಅತ್ತೆ ಮೊದಲ ಬೆಂಚು, ಸೊಸೆ ಕೊನೆಯ ಬೆಂಚು. ಇಂಡಿಯ ಮೆಹನಾಜ, ತಂಗಡಗಿಯ ರೇವವ್ವ, ಹೀಗೆ ಎಲ್ಲ ದಿಕ್ಕಿನಿಂದಲೂ ಬಂದರು. ಈ ವರ್ಷ ಪದವಿಗೆ ಕುಳಿತವರು ಹತ್ತೊಂಬತ್ತು ಮಂದಿ. ಅವರಲ್ಲಿ ಗಂಡಸು ಒಬ್ಬನೇ, ಗೊಳಸಂಗಿಯ ಮುತ್ತು. ಅವನ ಹೊಲದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಕಾಲೇಜಿನ ಮಾಳಿಗೆಯ ಮೇಲೆ ಸಿಗುತ್ತದೆ. ಅವನು ಸೇರಿದ್ದು ಆ ಕಾರಣಕ್ಕೆ.

ಹೊರರಾಜ್ಯದ ವಿದ್ಯಾರ್ಥಿಗಳು ಎಷ್ಟೆಂದು ಸರಕಾರ ಕೇಳಿದಾಗ ಜುಲ್ಫಿಕರ ಒಂದು ದಿನ ಯೋಚಿಸಿ, ರೇವವ್ವನ ತವರು ಅಕ್ಕಲಕೋಟೆಯ ಹತ್ತಿರವೆಂಬುದನ್ನು ನೆನಪಿಸಿಕೊಂಡು, ಅವಳನ್ನು ಮಹಾರಾಷ್ಟ್ರದ ವಿದ್ಯಾರ್ಥಿನಿ ಎಂದು ಬರೆದ. ಅವಳು ತಂಗಡಗಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಗಿತ್ತು. ಮರಾಠಿಯಲ್ಲಿ ಅವಳಿಗೆ ಜಗಳವಾಡಲು ಮಾತ್ರ ಬರುತ್ತಿತ್ತು. ಮಹಿಳೆಯರು, ಹಿಂದುಳಿದವರು, ಅಲ್ಪಸಂಖ್ಯಾತರು, ಗ್ರಾಮೀಣರು, ಗಡಿಭಾಗದವರು, ಹೊರರಾಜ್ಯದವರು ಎಂದು ಎಲ್ಲ ಕಾಲಮ್ಮುಗಳನ್ನು ಕೂಡಿಸಿದಾಗ ಒಟ್ಟು ಶೇಕಡಾ ಮುನ್ನೂರ ನಲವತ್ತಾಯಿತು. ಇಷ್ಟು ಸಾಮಾಜಿಕ ಪ್ರಾತಿನಿಧ್ಯ ರಾಜ್ಯದಲ್ಲಿಯೇ ಮೊದಲೆಂದು ಮೆಚ್ಚುಗೆಯ ಪತ್ರ ಬಂತು.

ಅದರ ಹಿಂದೆಯೇ ರಾಜ್ಯ ಫಲಿತಾಂಶ ಸಮತೋಲನ ಮಂಡಳಿಯಿಂದ ಇನ್ನೊಂದು ಪತ್ರ ಬಂತು.

"ನಿಮ್ಮ ವಿಭಾಗದ ಉತ್ತೀರ್ಣತೆಯು ಸತತವಾಗಿ ನೂರಕ್ಕೆ ನೂರು ಇರುವುದನ್ನು ಮಂಡಳಿಯು ಕಳವಳದಿಂದ ಗಮನಿಸಿದೆ. ಯಾರೂ ನಪಾಸಾಗದ ಕಡೆ ಪರೀಕ್ಷೆ ನಡೆದಿಲ್ಲವೆಂದೇ ಭಾವಿಸತಕ್ಕದ್ದು. ಈ ಸಾಲಿನಲ್ಲಿ ಕನಿಷ್ಠ ಒಬ್ಬ ಅಭ್ಯರ್ಥಿ ಅನುತ್ತೀರ್ಣನಾಗದಿದ್ದಲ್ಲಿ ವಿಭಾಗವನ್ನು ಮುಚ್ಚಿ, ಪಾತ್ರೆಗಳನ್ನು ಸರಕಾರದ ವಶಕ್ಕೆ ಒಪ್ಪಿಸತಕ್ಕದ್ದು. ಮುಚ್ಚಿದ ವಿಭಾಗದ ಸಿಬ್ಬಂದಿಯ ಕಾಯಂ ಪ್ರಸ್ತಾವಗಳು ತಾವಾಗಿಯೇ ಮುಚ್ಚಲ್ಪಡುತ್ತವೆ."

ಕೊನೆಯ ವಾಕ್ಯವನ್ನು ಜುಲ್ಫಿಕರ ಎರಡು ಸಲ ಓದಿದ. ಆಮೇಲೆ ನಿಧಾನವಾಗುವ ಬಸ್ಸನ್ನು ಓಡಿ ಹಿಡಿದು ಮೋರಟಗಿಗೆ ಹೋದ.

ಮೋರಟಗಿಯಲ್ಲಿ ನಿವೃತ್ತ ಶಿಕ್ಷಕ ಸೋಮನಿಂಗ ಇದ್ದರು. ಹಿಂದೆ ಬಿಸಿಯೂಟದ ತರಬೇತಿಯೊಂದಕ್ಕೆ ತಪ್ಪಿ ಹೋಗಿ ಕುಳಿತು, ಪ್ರಮಾಣಪತ್ರದೊಂದಿಗೆ ಹೊರಬಂದಿದ್ದರಿಂದ ನಾಲ್ಕೂ ತಾಲೂಕಿಗೆ ಅವರೊಬ್ಬರೇ ಅರ್ಹ ಬಾಹ್ಯ ಪರೀಕ್ಷಕರು. ಪ್ರತಿ ವರ್ಷ ಅವರು ಬರುತ್ತಿದ್ದರು, ಪ್ರತಿ ತಾಟಿನ ಮುಂದೆ ಕುಳಿತು ಉಣ್ಣುತ್ತಿದ್ದರು, ಎಲ್ಲರನ್ನೂ ಪಾಸು ಮಾಡುತ್ತಿದ್ದರು. ಹೋದ ವರ್ಷ ಮುತ್ತು ಮಾಡಿದ ಉಪ್ಪಿಟ್ಟು ಉಂಡು ಸಿಂದಗಿಯ ದವಾಖಾನೆಯಲ್ಲಿ ಎರಡು ದಿನ ಮಲಗಿದ್ದರು. ಮುತ್ತುವಿಗೆ ತೊಂಬತ್ತೆರಡು ಅಂಕವನ್ನು ಅಲ್ಲಿಂದಲೇ, ಗ್ಲುಕೋಸ್ ಹಚ್ಚದ ಕೈಯಿಂದ ಬರೆದು ಕಳಿಸಿದ್ದರು.

"ಮಾಸ್ತರ್ರ, ಈ ಸಲ ಒಬ್ಬರ್ನ ಫೇಲ್ ಮಾಡಬೇಕ್ರಿ."

"ಯಾರ್ನ?"

"ಯಾರ್ನರ. ಮುತ್ತು ಅದಾನಲ್ರಿ."

"ಮುತ್ತುನ ಕೈಯಾಗಿಂದು ಉಂಡೇನಿ ನಾ."

"ಉಂಡು ದವಾಖಾನಿ ಸೇರಿದ್ರಿ."

"ದವಾಖಾನಿ ಬ್ಯಾರೆ, ಉಪ್ಪು ಬ್ಯಾರೆ," ಎಂದರು ಸೋಮನಿಂಗ. "ಉಂಡ ಮನಿ ಗಳ ಎಣಸಬಾರದು ಅಂತ ನಮ್ಮವ್ವ ಹೇಳ್ಯಾಳ. ಉಂಡ ಕೈ ತೊಳಕೊಂಡು, ಅದ ಕೈಲೆ ಫೇಲ್ ಅಂತ ಹೆಂಗ ಬರೀಲಿ? ನಿಮ್ಮ ಮಂಡಳಿ ನಮ್ಮವ್ವಗಿಂತ ದೊಡ್ಡದೇನು?"

"ಹೋಗ್ಲಿ, ಒಬ್ಬರಿಗೆ ಒಂದ ನಾಕ ಮಾರ್ಕರ ಕಡಿಮಿ..."

"ಸಾವಂತ್ರವ್ವಗಿಂತ ಸೊಸಿಗೆ ಒಂದ ಮಾರ್ಕ್ ಹೆಚ್ಚ ಕೊಟ್ರೂ ಆ ಮನಿ ಒಡೀತೈತಿ, ಕಡಿಮಿ ಕೊಟ್ರೂ ಒಡೀತೈತಿ. ನೀವ ಆಂತರಿಕ ಪರೀಕ್ಷಕರದೀರಲ್ಲ, ನೀವ ಮಾಡ್ರಿ ಫೇಲ್."

ಹನ್ನೊಂದು ವರ್ಷದಿಂದ ಜುಲ್ಫಿಕರನ ಮಧ್ಯಾಹ್ನದ ಊಟ ವಿಭಾಗದಲ್ಲಿಯೇ ಆಗುತ್ತಿತ್ತು. ಉಳಿದ ಬದನೆಯ ಎಣಗಾಯಿ ಡಬ್ಬಿಯಲ್ಲಿ ಮನೆಗೂ ಹೋಗುತ್ತಿತ್ತು. ಆ ವಿಭಾಗದಲ್ಲಿ ಅವನು ಉಪ್ಪು ಉಣ್ಣದ ವಿದ್ಯಾರ್ಥಿಯೇ ಇರಲಿಲ್ಲ.

ಅಷ್ಟರಲ್ಲಿ ಸೋಮನಿಂಗರ ಹೆಂಡತಿ ಸಿದ್ದವ್ವ ಚಹಾದ ಒಂದೇ ಒಂದು ಕಪ್ಪು ತಂದು ಜುಲ್ಫಿಕರನ ಮುಂದೆ ಇಟ್ಟಳು. "ನೀವ ಕುಡೀರಿ ಸರ. ಶ್ರಾವಣ ಸೋಮವಾರ, ಇವರು ಹೊತ್ತ ಮುಳಗೂತನ ಬಾಯಾಗ ಏನೂ ಹಾಕೂದಿಲ್ಲ."

ಜುಲ್ಫಿಕರ ಕಪ್ಪನ್ನು ಎತ್ತಿದವನು ಹಾಗೇ ಕೆಳಗಿಟ್ಟ. ಉಂಡ ಬಾಯಿಗೆ ಉಪ್ಪಿನ ಹಂಗು. ಉಣ್ಣದ ಬಾಯಿಗೆ ಯಾರ ಹಂಗು?

ಅವನು ಕಳಿಸಿದ ಸಲಹೆಯನ್ನು ಮಂಡಳಿ ಯಾವ ತಕರಾರೂ ಇಲ್ಲದೆ ಒಪ್ಪಿ ಸುತ್ತೋಲೆ ಹೊರಡಿಸಿತು: "ಪಾಕಶಾಸ್ತ್ರದ ಬಾಹ್ಯ ಪರೀಕ್ಷಕರು ಪರೀಕ್ಷೆಯ ದಿನ ಕಡ್ಡಾಯವಾಗಿ ಉಪವಾಸವಿರತಕ್ಕದ್ದು. ಉಪವಾಸವು ಯಾವ ಧರ್ಮದ್ದಾದರೂ ಆಗಬಹುದು. ವೈದ್ಯರು ಹೇಳಿದ ಉಪವಾಸವನ್ನು ಪರಿಗಣಿಸಲಾಗದು." ಮಾರ್ಚಿನಲ್ಲಿ ನಡೆಯಬೇಕಾದ ಪರೀಕ್ಷೆ ಎಂದಿನಂತೆ ಶ್ರಾವಣಕ್ಕೇ ಬಂದಿತ್ತಾದ್ದರಿಂದ ಮುಂದಿನ ಸೋಮವಾರಕ್ಕೆ ದಿನ ಗೊತ್ತಾಯಿತು.

ಆ ದಿನ ಸೋಮನಿಂಗ ಹಣೆಗೆ ವಿಭೂತಿ ಹಚ್ಚಿಕೊಂಡು, ಬರಿ ಹೊಟ್ಟೆಯಲ್ಲಿ ಬಂದರು. ಉಣ್ಣುವಂತಿಲ್ಲ, ಆದ್ದರಿಂದ ನೋಡಿ, ಮೂಸಿ ಅಂಕ ಕೊಡಬೇಕು. ಸಾವಂತ್ರವ್ವ ಎಣಗಾಯಿ ಮಾಡಿದ್ದಳು, ಕಾವೇರಿ ಅದಕ್ಕಿಂತ ಚೂರು ಕಡಿಮೆ ಚಲೋ ಆಗುವಂತೆ ಎಚ್ಚರವಹಿಸಿ ಎಣಗಾಯಿಯನ್ನೇ ಮಾಡಿದ್ದಳು. ಮೆಹನಾಜಳ ಬಿರಿಯಾನಿಯ ಮುಚ್ಚಳ ತೆಗೆದಾಗ ಪರೀಕ್ಷಕರು ಒಂದು ಗಳಿಗೆ ಗೋಡೆ ಹಿಡಿದು ನಿಂತರು. ರೇವವ್ವನ ಸಿಹಿ ಮಾದಲಿಯ ಮುಂದೆ ಅವರ ಪೆನ್ನು ಕೈಯಿಂದ ಬಿತ್ತು. ಮಧ್ಯಾಹ್ನ ತಿರುಗಿದ ಮೇಲೆ ಅವರು ಮುತ್ತುವಿನ ಒಲೆಯ ಹತ್ತಿರ ಬಂದರು. ಜುಲ್ಫಿಕರ ಹಿಂದೆಯೇ ಬಂದು ನಿಂತ.

ತಾಟಿನಲ್ಲಿ ಕಂದು ಬಣ್ಣದ ಒಂದು ಗುಡ್ಡೆ ಇತ್ತು. ಅದರ ಒಂದು ಬದಿ ಇನ್ನೂ ಹೊಗೆಯಾಡುತ್ತಿತ್ತು.

"ಏನಪಾ ಇದು?"

"ಪಲಾವ್ ರೀ."

ಸೋಮನಿಂಗ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಚಲೋ ಐತಿ," ಎಂದರು.

"ಮಾಸ್ತರ್ರ, ಸರಿಯಾಗಿ ನೋಡ್ರಿ," ಎಂದ ಜುಲ್ಫಿಕರ.

"ಹಸದಂವಗ ಏನ ನೋಡಂತೀರಿ? ನನಗ ನಿಮ್ಮ ಡಸ್ಟರ್ ನೋಡಿದ್ರೂ ಬಾಯಾಗ ನೀರ ಬರಾಕತ್ತಾವ."

ಮುತ್ತುವಿಗೆ ತೊಂಬತ್ತೆಂಟು ಬಿತ್ತು. ವಿಭಾಗದ ಸರಾಸರಿ ಅಂಕ ಹಿಂದಿನ ಎಲ್ಲ ವರ್ಷಗಳನ್ನು ಮೀರಿತು. ಮಂಡಳಿ ಫಲಿತಾಂಶವನ್ನು ತಡೆಹಿಡಿದು, ಉತ್ತೀರ್ಣರಾದವರಿಗಾಗಿ ಮರುಪರೀಕ್ಷೆ ನಡೆಸುವಂತೆ ಆದೇಶಿಸಿತು.

ಪ್ರಾಚಾರ್ಯರು ಮಾತ್ರ ಮುತ್ತು ಪಾಸಾದ ಸುದ್ದಿ ಕೇಳಿ ನೆಮ್ಮದಿಯ ಉಸಿರುಬಿಟ್ಟರು. "ದೇವರು ದೊಡ್ಡಾಂವ. ಮುತ್ತು ಫೇಲ್ ಆಗಿದ್ರ ನಮ್ಮ ಕತಿ ಮುಗೀತಿತ್ತು."

"ಯಾಕ್ರಿ ಸರ?"

"ಆಂವ ಒಬ್ಬನ ಗಂಡಸು. ಆಂವ ಫೇಲ್ ಆದ್ರ ಪುರುಷರ ಫಲಿತಾಂಶ ಸೊನ್ನಿ. ಲಿಂಗ ಸಮಾನತಾ ಅನುದಾನ ಹೋತು."

"ಹಂಗಾರ ಕಾವೇರಿ?"

"ಮಹಿಳಾ ಅನುದಾನ."

"ಮೆಹನಾಜ?"

"ಅಲ್ಪಸಂಖ್ಯಾತರ ಅನುದಾನ. ಮ್ಯಾಲೆ ಮಹಿಳಾನೂ ಹೋಕ್ಕೈತಿ."

"ರೇವವ್ವ?"

ಪ್ರಾಚಾರ್ಯರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಅಂತರರಾಜ್ಯ ಸಂಬಂಧ ಕೆಡಸ್ತೀಯೇನು?"

ಪ್ರತಿಯೊಂದು ಅನುದಾನಕ್ಕೂ ಆಯಾ ವರ್ಗದ ಫಲಿತಾಂಶ ನೂರಕ್ಕೆ ನೂರು ಇರಬೇಕೆಂದು ಒಂದು ಇಲಾಖೆ ಹೇಳಿತ್ತು. ಒಟ್ಟು ಫಲಿತಾಂಶ ನೂರಕ್ಕೆ ನೂರು ಇರಬಾರದೆಂದು ಇನ್ನೊಂದು ಇಲಾಖೆ ಹೇಳಿತ್ತು. ಎರಡೂ ಇಲಾಖೆಗಳು ಒಂದೇ ಕಟ್ಟಡದಲ್ಲಿದ್ದವು, ಮತ್ತು ಎರಡೂ ಸರಿಯಾಗಿಯೇ ಇದ್ದವು. ಬೇಕಾಗಿದ್ದದ್ದು ಯಾವ ವರ್ಗಕ್ಕೂ ಸೇರದ ಒಬ್ಬ ಮನುಷ್ಯ. ನಾಲ್ಕು ತಾಲೂಕಿನಲ್ಲಿ ಅಂಥವನು ಸಿಗಲಿಲ್ಲ. ಎಲ್ಲರೂ ಯಾವುದಾದರೊಂದಕ್ಕೆ ಹುಟ್ಟಿನಿಂದಲೇ ಸೇರಿದ್ದರು.

ಸಂಜೆಯ ಹೊತ್ತಿಗೆ ಪ್ರಾಚಾರ್ಯರ ಬೆರಳು ನಿಯಮಾವಳಿಯ ಕೊನೆಯ ಪುಟದಲ್ಲಿ ಒಂದು ಕಡೆ ನಿಂತಿತು. ಸೇವಾನಿರತ ಅಭ್ಯರ್ಥಿಗಳು. ಸರಕಾರದ ಸೇವೆಯಲ್ಲಿದ್ದುಕೊಂಡು ಓದುವವರನ್ನು ಲಿಂಗ, ಜಾತಿ, ಧರ್ಮ, ಊರುಗಳ ಪ್ರಕಾರ ವಿಂಗಡಿಸತಕ್ಕದ್ದಲ್ಲ, ಏಕೆಂದರೆ ಸರಕಾರದ ಕಣ್ಣಿಗೆ ತನ್ನ ನೌಕರರೆಲ್ಲ ಒಂದೇ. ಈ ಕಾಲಮ್ಮಿಗೆ ಅನುದಾನವೂ ಇರಲಿಲ್ಲ.

ಪ್ರಾಚಾರ್ಯರು ತಲೆ ಎತ್ತಿ ಜುಲ್ಫಿಕರನನ್ನು ನೋಡಿದರು. ಜುಲ್ಫಿಕರ ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ.

"ಸರ, ನಾ ಕಲಸಾಂವ."

"ಕಲಸಾಂವ ಕಲೀಬಾರದು ಅಂತ ಎಲ್ಲೆರ ಬರದೈತೇನು? ವಿಭಾಗ ಉಳದ್ರ ನಿನ್ನ ಪ್ರಸ್ತಾವ ಉಳೀತೈತಿ. ವಿಚಾರ ಮಾಡು."

ಅಡ್ಡಿ ಒಂದೇ ಇತ್ತು. ಅತಿಥಿ ಉಪನ್ಯಾಸಕರು ಸರಕಾರಿ ಸೇವೆಯಲ್ಲಿ ಇಲ್ಲವೆಂದು ಸರಕಾರ ಎಲ್ಲ ಕೋರ್ಟುಗಳಲ್ಲಿ ವಾದಿಸುತ್ತ ಬಂದಿತ್ತು. ತಾನು ಸೇವೆಯಲ್ಲಿದ್ದೇನೆಂದು ಒಂದು ಚೀಟಿ ಕೊಡಿರೆಂದು ಜುಲ್ಫಿಕರ ಹನ್ನೊಂದು ವರ್ಷದಿಂದ ಅರ್ಜಿ ಹಾಕುತ್ತಿದ್ದ. ಆ ಚೀಟಿ ಈ ಸಲ ನಾಲ್ಕೇ ದಿನದಲ್ಲಿ ಬಂತು.

"ಶ್ರೀ ಜುಲ್ಫಿಕರ ಇವರು ಸರಕಾರದ ಸೇವೆಯಲ್ಲಿ ಇರುತ್ತಾರೆಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ. ಈ ಪ್ರಮಾಣಪತ್ರವು ಅನುತ್ತೀರ್ಣರಾಗುವ ಉದ್ದೇಶಕ್ಕೆ ಮಾತ್ರ ಸಿಂಧುವಾಗಿರುತ್ತದೆ."

ಹುಮಾ ಅದನ್ನು ಓದಿ, ಮೊದಲ ವಾಕ್ಯಕ್ಕೆ ಸರಿಯಾಗಿ ಮಡಚಿ, ಕನ್ನಡಿಯ ಚೌಕಟ್ಟಿಗೆ ಸಿಗಿಸಿದಳು. "ಇಷ್ಟ ಕಂಡ್ರ ಸಾಕು," ಎಂದಳು. "ಆದ್ರ ಹೆಂಗ ಫೇಲ್ ಆಗ್ತೀರಿ? ನೀವ ಏನ ಮಾಡಿ ನೀಡಿದ್ರೂ ಮಾಸ್ತರ್ರು ಉಂಡು ಪಾಸ್ ಮಾಡ್ತಾರ."

"ಏನೂ ನೀಡೂದಿಲ್ಲ. ಖಾಲಿ ತಾಟ ಇಡ್ತೇನಿ."

"ಮನಿಗೆ ಬಂದಾವ್ರ ಮುಂದ ಖಾಲಿ ತಾಟ," ಎಂದಳು ಹುಮಾ. "ನಿಮ್ಮವ್ವ ಪೀರಬಿ ಇದ್ದಿದ್ರ ಅದ ತಾಟಲೆ ಹೊಡೀತಿದ್ಳು."

ಮರುಪರೀಕ್ಷೆ ಗುರುವಾರ ನಡೆಯಿತು. ಪರೀಕ್ಷಕರು ಈ ಸಲ ಉಪವಾಸವಿರುವಂತಿಲ್ಲವೆಂದು ತಿದ್ದುಪಡಿ ಬಂದಿತ್ತು. ಜುಲ್ಫಿಕರ ಮುಖ್ಯಸ್ಥನಾಗಿ ತನಗೆ ತಾನೇ ಪ್ರವೇಶಪತ್ರ ಕೊಟ್ಟು, ವಿದ್ಯಾರ್ಥಿಯಾಗಿ ಅದನ್ನು ಪಡೆದುಕೊಂಡು, ಮುತ್ತುವಿನ ಪಕ್ಕದ ಒಲೆಯ ಮುಂದೆ ನಿಂತ. ಒಲೆ ಹೊತ್ತಿಸಿದ. ಅದು ಉರಿಯುವುದನ್ನು ನೋಡುತ್ತ ನಿಂತ. ಹೆಂಗಸರು ಅವನ ಕಡೆ ನೋಡದಂತೆ ನೋಡುತ್ತಿದ್ದರು. ಸಾವಂತ್ರವ್ವ ತಡೆಯಲಾರದೆ ಒಂದು ಸೌಟು ಪಲ್ಯ ಸೆರಗಿನ ಮರೆಯಲ್ಲಿ ತಂದಳು.

"ಇಟ್ಟ ಬಿಡ್ರಿ ಸರ. ಯಾರೂ ಹೇಳೂದಿಲ್ಲ."

"ಬ್ಯಾಡವ್ವ. ನಕಲು ಆಗ್ತೈತಿ."

"ಸುಡ್ಲಿ ನಿಮ್ಮ ನಕಲು. ಬರೇ ತಾಟ ಇಡ್ತಾರೇನ್ರಿ ಮನಷ್ಯಾರು?"

ಸೋಮನಿಂಗ ಬಂದು ಕುಳಿತರು. ಜುಲ್ಫಿಕರ ತೊಳೆದ ತಾಟನ್ನು ಅವರ ಮುಂದೆ ಇಟ್ಟ. ತಾಟು ನೆಲಕ್ಕೆ ತಾಗಿ ಸದ್ದಾಯಿತು. ಕೋಣೆಯಲ್ಲಿ ಎಲ್ಲರ ಸೌಟುಗಳೂ ನಿಂತವು.

ಸೋಮನಿಂಗ ತಾಟನ್ನು ನೋಡಿದರು, ಜುಲ್ಫಿಕರನ ಮುಖವನ್ನು ನೋಡಿದರು. ಬಡವರ ಮನೆಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬೀಗರು ಬಂದಾಗ ಏನಾಗುತ್ತದೆಂದು ಅವರು ಎಪ್ಪತ್ತು ವರ್ಷದಲ್ಲಿ ಕಂಡಿದ್ದರು. ಅವರು ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದು, ತಾಟಿನ ಅಂಚಿಗೆ ಕೈ ತೊಳೆದು, ದೊಡ್ಡದಾಗಿ ತೇಗಿದರು.

"ಹೊಟ್ಟಿ ತುಂಬ್ತು," ಎಂದರು.

ನೂರಕ್ಕೆ ನೂರು ಬರೆದರು.

"ಮಾಸ್ತರ್ರ, ನಿಮ್ಮ ಕಾಲ ಬೀಳ್ತೇನಿ. ನಾ ಏನೂ ಮಾಡಿಲ್ಲ."

"ಉಣ್ಣಾಕ ನೀಡಿದ್ರಾಗ ಕುಂದ ಹುಡಕೂದು ನನ್ನ ಕೆಲಸ. ಇದರಾಗ ಒಂದ ಕುಂದ ತೋರಸ್ರಿ," ಎಂದು ಸೋಮನಿಂಗ ಎದ್ದು, ಬಸ್ಸು ನಿಧಾನವಾಗುವ ಹೊತ್ತಾಯಿತೆಂದು ಹೊರಟರು.

ಉಳಿದದ್ದು ಆಂತರಿಕ ಅಂಕ. ಅದರಲ್ಲಿ ಬೇರೆಯಾಗಿ ಪಾಸಾಗದಿದ್ದರೆ ಬಾಹ್ಯ ಅಂಕ ನೂರಿದ್ದರೂ ನಪಾಸು. ಆಂತರಿಕ ಪರೀಕ್ಷಕ ಜುಲ್ಫಿಕರನೇ.

ಅವನು ತನ್ನ ಕೋಣೆಯಲ್ಲಿ ಅಂಕಪಟ್ಟಿ ಹಿಡಿದು ಕುಳಿತ. ರೇವವ್ವ ಎಂದಿನಂತೆ ಎರಡು ರೊಟ್ಟಿ, ಝುಣಕ, ಶೇಂಗಾ ಹಿಂಡಿ ತಂದಿಟ್ಟಳು. "ಉಣ್ರಿ ಸರ. ಹೊತ್ತಾತು."

"ಈಗ ಬ್ಯಾಡ. ಉಂಡ್ರ ಬರಿಯಾಕ ಆಗೂದಿಲ್ಲ."

"ನಿಮಗ ನೀವ ಬರಕೊಳ್ಳಾಕ ನಮ್ಮ ಉಪ್ಪ ಏನ ಮಾಡ್ತೈತ್ರಿ?"

"ಹೇಳಾಕ ಬರೂದಿಲ್ಲ."

ಅವನು ಹದಿನೆಂಟು ಹೆಂಗಸರಿಗೆ ಮತ್ತು ಮುತ್ತುವಿಗೆ ಅಂಕ ಹಾಕಿದ. ಇಪ್ಪತ್ತನೆಯ ಹೆಸರು ತನ್ನದು. ಈ ಅಭ್ಯರ್ಥಿಯ ಕೈಯ ಅಡುಗೆಯನ್ನು ಅವನು ಒಂದು ದಿನವೂ ಉಂಡಿರಲಿಲ್ಲ. ಮನೆಯಲ್ಲಿ ಹುಮಾ, ಇಲ್ಲಿ ಇವರು. ಅವನಿಗೆ ಒಲೆ ಹಚ್ಚುವ ಸಂದರ್ಭವೇ ಬಂದಿರಲಿಲ್ಲ. ಹೀಗಾಗಿ ಜಗತ್ತಿನಲ್ಲಿ ಅವನಿಗೆ ಹಂಗಿಲ್ಲದ ಏಕೈಕ ವಿದ್ಯಾರ್ಥಿ ಅವನೇ ಆಗಿದ್ದ. ಸೊನ್ನೆ ಬರೆದು, ಪರೀಕ್ಷಕರ ಸಹಿ ಎಂಬಲ್ಲಿ ಒಂದು, ಫಲಿತಾಂಶವನ್ನು ಒಪ್ಪಿದ ಅಭ್ಯರ್ಥಿಯ ಸಹಿ ಎಂಬಲ್ಲಿ ಒಂದು ಸಹಿ ಹಾಕಿದ. ಆಮೇಲೆ ತಾಟು ಹತ್ತಿರ ಎಳೆದುಕೊಂಡ. ರೊಟ್ಟಿ ಆರಿತ್ತು.

ವಿಭಾಗದ ಫಲಿತಾಂಶ ಶೇಕಡಾ ತೊಂಬತ್ತೈದಾಯಿತು. ಎಲ್ಲ ವರ್ಗಗಳ ಫಲಿತಾಂಶ ನೂರಕ್ಕೆ ನೂರೇ ಉಳಿಯಿತು. ಇದನ್ನು ಆರೋಗ್ಯಕರ ಅನುತ್ತೀರ್ಣತೆ ಎಂದು ಮಂಡಳಿ ಬಣ್ಣಿಸಿತು. ಪ್ರಾಚಾರ್ಯರು ಜುಲ್ಫಿಕರನಿಗೆ ಶಾಲು ಹೊದಿಸಿ, ಅವನ ತ್ಯಾಗವನ್ನು ವಿದ್ಯಾರ್ಥಿಗಳು ಅನುಸರಿಸಬಾರದೆಂದು ಹೇಳಿದರು.

ದೀಪಾವಳಿಗೆ ಎಂಟು ದಿನವಿರುವಾಗ ಅವನ ಪ್ರಸ್ತಾವದ ಮೇಲೆ ಆದೇಶ ಬಂತು. ಒಂದು ವಿಷಯದಲ್ಲಿ ನಪಾಸಾದವರು ಆ ವಿಷಯವನ್ನು ಬೋಧಿಸುವಂತಿಲ್ಲವಾದ್ದರಿಂದ, ಉಪನ್ಯಾಸಕ ಹುದ್ದೆಗೆ ಸದರಿಯವರ ಹೆಸರನ್ನು ಕೈಬಿಡಲಾಗಿತ್ತು. ಆದರೆ ವಿಭಾಗವು ಮುಂದುವರಿಯಲು ಪ್ರತಿ ವರ್ಷ ಒಬ್ಬ ವರ್ಗರಹಿತ ಅನುತ್ತೀರ್ಣ ಅಭ್ಯರ್ಥಿಯ ಅಗತ್ಯವಿರುವುದನ್ನು ಸರಕಾರ ಮನಗಂಡಿತ್ತು. ಅದಕ್ಕಾಗಿ ಹೊಸದಾಗಿ ಒಂದು ಹುದ್ದೆ ಸೃಷ್ಟಿಸಿ, ಅನುಭವದ ಆಧಾರದ ಮೇಲೆ ಶ್ರೀ ಜುಲ್ಫಿಕರ ಇವರನ್ನು ಅರವತ್ತು ವರ್ಷ ವಯಸ್ಸಿನವರೆಗೆ ಕಾಯಂ ಆಗಿ ನೇಮಿಸಿತ್ತು. ವೇತನ ಶ್ರೇಣಿ ಉಪನ್ಯಾಸಕರದ್ದೇ. ಯಾವುದೇ ವರ್ಷ ಪಾಸಾದಲ್ಲಿ ಶಿಸ್ತುಕ್ರಮ.

ತೆರವಾದ ಬೋಧಕನ ಜಾಗಕ್ಕೆ ಹೊಸ ಪದವೀಧರರಲ್ಲಿ ಅತಿ ಹೆಚ್ಚು ಬಿಡುವಾಗಿದ್ದ ಮುತ್ತುವನ್ನು ಅತಿಥಿ ಉಪನ್ಯಾಸಕನಾಗಿ ಹಿಡಿದರು. ಆಂತರಿಕ ಪರೀಕ್ಷಕನೂ ಈಗ ಅವನೇ. ಜುಲ್ಫಿಕರ ತನ್ನ ಕೈಯ ಅಡುಗೆಯ ಒಂದು ತುತ್ತೂ ಅವನ ಬಾಯಿಗೆ ಬೀಳದಂತೆ ನೋಡಿಕೊಳ್ಳುತ್ತಾನೆ. ಮುತ್ತು ಮಾಳಿಗೆಯ ಮೇಲೆ ಮೊಬೈಲ್ ಹಿಡಿದು ಕೂತಾಗ ಜುಲ್ಫಿಕರ ಮೊದಲಿನಂತೆಯೇ ಪಾಠ ಹೇಳುತ್ತಾನೆ. ಮುತ್ತು ಇಳಿದು ಬಂದಾಗ ಎದ್ದು ನಿಂತು, ನಮಸ್ಕಾರ ಸರ ಎಂದು ಕೊನೆಯ ಬೆಂಚಿಗೆ ಹೋಗುತ್ತಾನೆ. ಹೆಂಗಸರಿಗೆ ಇದು ವಾರದೊಳಗೆ ರೂಢಿಯಾಯಿತು.

ಆದೇಶ ಬಂದ ದಿನ ಹುಮಾ ಓಣಿಯಲ್ಲಿ ಪೇಡೆ ಹಂಚಿದಳು. ಪಕ್ಕದ ಮನೆಯ ಮಾಬುಬಿ ಪೇಡೆ ಬಾಯಿಗೆ ಹಾಕಿಕೊಂಡು, "ಏನ ವಿಶೇಷ?" ಎಂದು ಕೇಳಿದಳು.

"ನಮ್ಮವರು ಕಾಯಂ ಆದ್ರು."

"ಎದರಾಗ?"

"ಪೇಡೆ ಹೆಂಗೈತಿ ಹೇಳು," ಎಂದಳು ಹುಮಾ.

"ಚಲೋ ಐತಿ," ಎಂದಳು ಮಾಬುಬಿ. ಬಾಯಲ್ಲಿ ಪೇಡೆ ಇದ್ದುದರಿಂದ ಮುಂದೆ ಏನೂ ಕೇಳಲಿಲ್ಲ.